ಎಳೆ ನರಕೋಶದ ಲ್ಯಾಬಿಗೆ ಸೇರ್ಬೇಕಾ? ಮೊದ್ಲು ಅದರ ಚೆಕ್‌ರೋಲ್ ಓದೋದು ಕಲೀರಿ

ನಮ್ಮ ದೊಡ್ಡಪ್ಪನ ಮಗಳ ಮಗಳು ಕುಶಾಲನಗರದಲ್ಲಿ ಬಿಎಸ್ಸಿ ಎರಡನೇ ವರ್ಷ ಓದ್ತಿದ್ದಾಳೆ. ಮೊನ್ನೆ ಶಾಂತಳ್ಳಿ ಮನೆಗೆ ಬಂದವಳು ಒಲೆ ಮುಂದೆ ನನ್ನ ಪಕ್ಕ ಕೂತ್ಕೊಂಡು ಫೋನ್ ತೋರಿಸಿ, "ಚಿಕ್ಕಮ್ಮ, ಈ ಲ್ಯಾಬಲ್ಲಿ ಹದಿನಾಲ್ಕು ಜನ ಇದ್ದಾರೆ ನೋಡು, ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಬರ್ದಿದೆ, ನಾನು ಯಾರಿಗೆ ಮೇಲ್ ಹಾಕ್ಲಿ" ಅಂದ್ಳು. ಹೊರಗೆ ಬಿಡದೆ ಮಳೆ, ಕರೆಂಟ್ ಹೋಗಿ ಎರಡನೇ ದಿನ, ಅವಳ ಫೋನಲ್ಲಿ ಉಳಿದಿರೋದು 11 ಪರ್ಸೆಂಟ್ ಚಾರ್ಜು. ನಾನು ಅಂಥದ್ದೇ ಒಂದು ಲ್ಯಾಬಲ್ಲಿ ಎರಡು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದು ಆಮೇಲೆ ಪಿಎಚ್‌ಡಿನೂ ಅದೇ ಕೆಲಸದಲ್ಲೇ ಮಾಡಿದವಳು, ಆದ್ರೂ ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗ್ಲಿಲ್ಲ. ಅವತ್ತು ಅವಳಿಗೆ ಹೇಳಿದ್ದು, ಹೇಳೋಕೆ ಮರ್ತಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೀತಿದ್ದೀನಿ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಡಿಗ್ರಿ ಓದ್ತಿರೋ ಬೇರೆ ಮಕ್ಕಳಿಗೂ ಬೇಕಾಗಬಹುದು.

ಮೊದ್ಲು ಅಲ್ಲಿ ಏನು ಕೆಲ್ಸ ನಡೆಯುತ್ತೆ ಅಂತ ಸ್ವಲ್ಪ ಗೊತ್ತಿರ್ಲಿ, ಇಲ್ಲಾಂದ್ರೆ ಪಟ್ಟಿ ನೋಡಿ ಏನು ಉಪಯೋಗ. ಹೊಸದಾಗಿ ಹುಟ್ಟಿದ ನರಕೋಶ ತನ್ನ ತಂತು ಚಾಚ್ಕೊಂಡು ಹೋಗಿ ಸರಿಯಾದ ಜಾಗ ಹೇಗೆ ಮುಟ್ಟುತ್ತೆ ಅನ್ನೋದು ಈ ಲ್ಯಾಬುಗಳ ಪ್ರಶ್ನೆ. ನಿಮ್ಮ ಬೆನ್ನಿನ ಕೆಳಗಡೆ ಇರೋ ಒಂದು ಕೋಶದ ತಂತು ಪಾದದ ತನಕ ಬಂದಿದೆ, ಹತ್ತತ್ರ ಒಂದು ಮೀಟರ್, ಕೋಶ ಮಾತ್ರ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಆ ತಂತುಗೆ ಆಕ್ಸಾನ್ ಅಂತಾರೆ, ಬೆಳೀತಿರುವಾಗ ಅದರ ತುದಿಯಲ್ಲಿ ಅಂಗೈ ಥರ ಅಗಲವಾಗಿ ಹರಡಿ ಬೆರಳಾಡಿಸ್ತಾ ಇರೋ ಭಾಗಕ್ಕೆ ಗ್ರೋತ್ ಕೋನ್ ಅಂತಾರೆ. ಮೆಣಸಿನ ಬಳ್ಳಿ ಸಿಲ್ವರ್ ಓಕ್ ಹತ್ತೋದು ನೋಡಿದೀರಲ್ಲ, ಗಂಟು ಗಂಟಿಗೂ ಸಣ್ಣ ಬೇರು ಬಿಟ್ಟು ತೊಗಟೆ ಹಿಡ್ಕೊಂಡು ಮೇಲೆ ಹೋಗುತ್ತೆ, ಹಿಡಿಯೋಕೆ ಏನೂ ಸಿಗ್ಲಿಲ್ಲ ಅಂದ್ರೆ ನೆಲದ ಮೇಲೆ ಹರೀತಾ ಇರುತ್ತೆ. ಗ್ರೋತ್ ಕೋನ್ ಕೂಡ ಹಂಗೇ ಹಿಡಿತಕ್ಕೆ ಜಾಗ ಹುಡುಕ್ತಾ ಹೋಗೋದು. ಆದ್ರೆ ಬಳ್ಳಿ ಹಿಂದಕ್ಕೆ ಬರಲ್ಲ, ಇದು ಬರುತ್ತೆ. ಬೇಡದ ಪ್ರೋಟೀನ್ ತಾಗಿದ್ರೆ ಆ ಅಂಗೈ ಮುದುಡಿ ತಂತು ಹಿಂದೆ ಸರಿದು ಇನ್ನೊಂದು ದಾರಿ ಹಿಡಿಯುತ್ತೆ. ಮೊದಲನೇ ಸಲ ಸ್ಕ್ರೀನ್ ಮೇಲೆ ಅದು ಮುದುಡಿದ್ದು ನೋಡಿ ನಾನು ಜಿಗಣೆಗೆ ಉಪ್ಪು ಹಾಕಿದ ಹಾಗಿದೆ ಅಂದೆ, ಪಕ್ಕದಲ್ಲಿದ್ದ ಉತ್ತರ ಭಾರತದ ಹುಡುಗನಿಗೆ ಜಿಗಣೆ ಅಂದ್ರೇನು ಅಂತ ವಿವರಿಸೋಕೇ ಹತ್ತು ನಿಮಿಷ ಹೋಯ್ತು.

ಈಗ ಪಟ್ಟಿಗೆ ಬರೋಣ. ತೋಟದ ಚೆಕ್‌ರೋಲ್, ಅಂದ್ರೆ ಆಳುಗಳ ಹಾಜರಿ ಪಟ್ಟಿ, ನೋಡಿ ಅಭ್ಯಾಸ ಇದ್ದೋರಿಗೆ ಇದು ಕಷ್ಟ ಆಗ್ಬಾರ್ದು. ಮೇಲೆ ಇರೋರು ಪಿಐ, ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್, ನಮ್ಮ ಲೆಕ್ಕದಲ್ಲಿ ಸಾಹುಕಾರ್ರು. ದುಡ್ಡು ತರೋದು, ಯಾವ ಬ್ಲಾಕಲ್ಲಿ ಏನು ನೆಡ್ಬೇಕು ಅಂತ ತೀರ್ಮಾನ ಮಾಡೋದು, ಸಂಶೋಧನೆಯ ಪೇಪರ್ ತಿದ್ದೋದು ಅವ್ರ ಕೆಲ್ಸ, ಕೈಯಲ್ಲಿ ದ್ರವ ಅಳೆದು ಹಾಕೋ ಪಿಪೆಟ್ ಹಿಡಿಯೋದು ಅಪರೂಪ. ಆಮೇಲೆ ಪೋಸ್ಟ್‌ಡಾಕ್‌ಗಳು, ಬೇರೆ ಕಡೆ ಪಿಎಚ್‌ಡಿ ಮುಗಿಸಿ ಬಂದೋರು, ತಮ್ದೇ ಒಂದು ಪ್ರಶ್ನೆ ಹಿಡ್ಕೊಂಡಿರ್ತಾರೆ, ಅವ್ರಿಗೆ ಸದಾ ಅರ್ಜೆಂಟು, ಯಾಕಂದ್ರೆ ಎರಡು ಮೂರು ವರ್ಷದಲ್ಲಿ ಏನಾದ್ರೂ ಮಾಡಿ ತೋರಿಸಿ ಸ್ವಂತ ಕೆಲ್ಸ ಹುಡುಕ್ಕೋಬೇಕು. ಪಿಎಚ್‌ಡಿ ಹುಡುಗ್ರು ಐದಾರು ವರ್ಷ ಇರೋರು, ಲ್ಯಾಬಿನ ನಿಜವಾದ ಕೊಯ್ಲು ಇವರ ಕೈಯಲ್ಲೇ ನಡೆಯೋದು. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಮತ್ತೆ ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು ಒಂದು ಪ್ರಾಜೆಕ್ಟಿನ ದುಡ್ಡಲ್ಲಿ ಬಂದೋರು, ದುಡ್ಡು ಇರೋ ತನಕ ಕೆಲ್ಸ. ಲ್ಯಾಬ್ ಮ್ಯಾನೇಜರ್ ಅಂತ ಒಬ್ಬರು ಇದ್ರೆ ಅವರೇ ತೋಟದ ಲೆಕ್ಕ ಬರೆಯೋ ರೈಟ್ರು ಅಂದ್ಕೊಳ್ಳಿ, ಆರ್ಡರ್, ಸ್ಟಾಕು, ಬಿಲ್ಲು, ಮೊಟ್ಟೆ ಯಾವತ್ತು ಬರುತ್ತೆ, ಎಲ್ಲಾ ಅವ್ರಿಗೇ ಗೊತ್ತಿರೋದು. ಕೊನೆಗೆ ಟೆಕ್ನಿಷಿಯನ್, ಅಟೆಂಡರ್, ಗಾಜು ತೊಳೆದು ಆಟೋಕ್ಲೇವ್ ಮಾಡೋ, ಅಂದ್ರೆ ಬಿಸಿ ಆವಿಯಲ್ಲಿ ಕ್ರಿಮಿ ಸಾಯಿಸೋ ಅಣ್ಣ, ಮೀನಿನ ಟ್ಯಾಂಕು, ನೊಣದ ಬಾಟಲಿ, ಇಲಿಯ ಮನೆ ನೋಡ್ಕೊಳ್ಳೋರು, ಮೈಕ್ರೋಸ್ಕೋಪ್ ರೂಮಿನ ಇನ್‌ಚಾರ್ಜು.

ಈ ಕೊನೇ ಸಾಲಿನೋರ ಹೆಸರು ಕೆಲವು ಕಡೆ ಪಟ್ಟಿಯಲ್ಲೇ ಇರಲ್ಲ. ನಾನು ಲ್ಯಾಬ್ ಆರಿಸೋಕೆ ಯಾರಿಗಾದ್ರೂ ಸಹಾಯ ಮಾಡುವಾಗ ಮೊದ್ಲು ನೋಡೋದು ಇದನ್ನೇ, ಅಟೆಂಡರ್ ಹೆಸರು ಹಾಕಿ ಫೋಟೋ ಹಾಕಿದ್ದಾರಾ ಇಲ್ವಾ ಅಂತ. ಹಾಕಿದ್ರೆ ಅಲ್ಲಿ ಒಬ್ಬರಿಗೊಬ್ಬರು ಮಾತಾಡ್ತಾರೆ ಅಂತ ನನ್ನ ಅಂದಾಜು, ಇದುವರೆಗೂ ಅಷ್ಟಾಗಿ ತಪ್ಪಿಲ್ಲ.

ಎರಡನೇದು, ಈಗ ಇರೋರಿಗಿಂತ ಬಿಟ್ಟು ಹೋದೋರ ಪಟ್ಟಿ ಓದಿ. ಹಳೇ ಸ್ಟೂಡೆಂಟ್ಸ್ ಅಂತ ಕೆಳಗೆ ಕೊಟ್ಟಿರ್ತಾರೆ. ಎಷ್ಟು ವರ್ಷ ಇದ್ರು, ಈಗ ಎಲ್ಲಿದ್ದಾರೆ? ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಬಂದೋರು ಒಂದೆರಡು ವರ್ಷ ಇದ್ದು ಪಿಎಚ್‌ಡಿಗೆ ಹೋಗಿದ್ರೆ ಒಳ್ಳೇದು, ಯಾರೋ ಕೂತು ಕಲಿಸಿದ್ದಾರೆ. ಸಾಲಾಗಿ ನಾಲ್ಕೈದು ಜನ ಆರೇ ತಿಂಗಳಿಗೆ ಬಿಟ್ಟಿದ್ರೆ ಕೇಳಿ ತಿಳ್ಕೊಳ್ಳಿ, ಆಳು ನಿಲ್ಲದ ತೋಟ ಅಂದ್ರೆ ನಮ್ಮ ಕಡೆ ಯಾರಾದ್ರೂ ಕಾರಣ ಕೇಳ್ದೆ ಬಿಡ್ತಾರಾ? ಮೂರನೇದು ಪೇಪರ್ ಮೇಲಿನ ಹೆಸರುಗಳು. ನಮ್ಮ ವಿಷಯದಲ್ಲಿ ಸಾಮಾನ್ಯವಾಗಿ ಮೊದಲನೇ ಹೆಸರು ಕೈಯಲ್ಲಿ ಕೆಲ್ಸ ಮಾಡಿದೋರ್ದು, ಕೊನೇ ಹೆಸರು ಪಿಐ, ಮಧ್ಯದೋರು ಒಂದೊಂದು ಭಾಗಕ್ಕೆ ಕೈ ಹಾಕಿದೋರು. ಮಧ್ಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳ ಹೆಸರು ಕಾಣಿಸ್ತಿದ್ಯಾ ನೋಡಿ. ಇದನ್ನೆಲ್ಲ ಪಬ್‌ಮೆಡ್ ಅನ್ನೋ ವೆಬ್‌ಸೈಟಲ್ಲಿ ಹುಡುಕಬಹುದು, ಬಯೋಆರ್‌ಕೈವ್ ಅನ್ನೋ ಇನ್ನೊಂದರಲ್ಲಿ ಇನ್ನೂ ಜರ್ನಲಿಗೆ ಬರದ ಪೇಪರೂ ಪೂರ್ತಿ ಫ್ರೀಯಾಗಿ ಸಿಗುತ್ತೆ, ಕಾಲೇಜಿನ ಲೈಬ್ರರಿಯಲ್ಲಿ ಜರ್ನಲ್ ಇಲ್ಲ ಅಂತ ಕೊರಗ್ತಾ ಕೂರೋದೇ ಬೇಡ.

ಹಂಗಾದ್ರೆ ಮೇಲ್ ಯಾರಿಗೆ? ಅಧಿಕೃತವಾಗಿ ಕೇಳೋದು ಪಿಐಗೇ, ಸೇರಿಸ್ಕೊಳ್ಳೋ ಅಧಿಕಾರ ಅವ್ರದ್ದು. ಆದ್ರೆ ಅದಕ್ಕಿಂತ ಒಂದು ವಾರ ಮುಂಚೆ ಎರಡನೇ ಮೂರನೇ ವರ್ಷದ ಪಿಎಚ್‌ಡಿ ಹುಡುಗನಿಗೋ ಹುಡುಗಿಗೋ ನಾಲ್ಕು ಸಾಲು ಬರೀರಿ, ಲ್ಯಾಬಿಗೆ ಟ್ರೈನಿಗಳನ್ನ ತಗೋತಾರಾ, ಬರೋಕೆ ಮುಂಚೆ ಏನು ಓದ್ಬೇಕು, ಇಷ್ಟೇ ಕೇಳಿ. ಮೊದಲನೇ ವರ್ಷದೋರಿಗೆ ಇನ್ನೂ ಏನೂ ಗೊತ್ತಿರಲ್ಲ, ಕೊನೇ ವರ್ಷದೋರಿಗೆ ಥೀಸಿಸ್ ಬರೆಯೋ ತಲೆನೋವು, ಮಧ್ಯದೋರೇ ಉತ್ತರ ಕೊಡೋದು.

ಮೇಲ್ ಬರೆಯೋ ಮುಂಚೆ ಮನೆಯಲ್ಲೇ ಎರಡು ಕೆಲ್ಸ ಮಾಡಿ, ಇದನ್ನ ಮಾಡಿದೋರು ಲಕ್ಷಕ್ಕೊಬ್ರು, ಅದಕ್ಕೇ ಹೇಳ್ತಿರೋದು.

ಒಂದನೇದಕ್ಕೆ ನಾಟಿ ಕೋಳಿ ಬೇಕು, ಕಾವಿಗೆ ಕೂತಿರೋದು. ಈ ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಸೋದು ಕೋಳಿ ಮೊಟ್ಟೆಯೊಳಗಿನ ಭ್ರೂಣ, ಇಲಿ, ಜೀಬ್ರಾಫಿಶ್ ಅನ್ನೋ ಸಣ್ಣ ಮೀನು, ಹಣ್ಣಿನ ನೊಣ, ಇಲ್ಲಾಂದ್ರೆ ಬರೀ 302 ನರಕೋಶ ಇರೋ ಒಂದು ಹುಳ. ಇದ್ರಲ್ಲಿ ಕೋಳಿ ಒಂದೇ ನಮ್ಮ ಹಿತ್ತಲಲ್ಲಿ ಇರೋದು. ಕೋಳಿ ಕಾವಿಗೆ ಕೂತ ದಿನ ಮೊಟ್ಟೆ ಮೇಲೆ ಪೆನ್ಸಿಲಲ್ಲಿ ತಾರೀಕು ಬರೀರಿ. ಐದನೇ ದಿನ ಅದು ಮೇಯೋಕೆ ಎದ್ದು ಹೋದಾಗ ಕತ್ತಲೆ ರೂಮಲ್ಲಿ ಮೊಟ್ಟೆಯ ದಪ್ಪ ತುದಿಗೆ ಫೋನಿನ ಟಾರ್ಚ್ ಒತ್ತಿ ಹಿಡೀರಿ. ಭ್ರೂಣ ಇದ್ರೆ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನ ಥರ ಕೆಂಪು ರಕ್ತನಾಳ ಕಾಣುತ್ತೆ, ಇಲ್ಲದಿದ್ರೆ ಪೂರ್ತಿ ತಿಳಿ. ಎರಡು ನಿಮಿಷಕ್ಕಿಂತ ಜಾಸ್ತಿ ಹೊರಗೆ ಇಡ್ಬೇಡಿ, ವಾಪಸ್ ಅದೇ ಜಾಗಕ್ಕೆ. ಅಂಗಡಿಯಿಂದ ತಂದ ಫಾರಂ ಮೊಟ್ಟೆಯಲ್ಲಿ ಏನೂ ಕಾಣಲ್ಲ, ಅದರಲ್ಲಿ ಮರಿಯಾಗೋ ಯೋಗ ಇರಲ್ಲ. 21 ದಿನಕ್ಕೆ ಮರಿ ಬರೋ ತನಕ ಎರಡು ಮೂರು ದಿನಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಚಿತ್ರ ಬಿಡಿಸಿ. ಎರಡನೇ ದಿನವೇ ಹೃದಯ ಬಡಿಯೋಕೆ ಶುರುವಾಗಿರುತ್ತೆ, ಎಂಟನೇ ದಿನದ ಹೊತ್ತಿಗೆ ಬೆನ್ನುಹುರಿಯ ಪಕ್ಕ ಸಂವೇದನೆಯ ನರಗಂಟುಗಳು ತಯಾರಾಗಿರುತ್ತೆ, ಲ್ಯಾಬಲ್ಲಿ ನಾವು ಬಿಡಿಸಿ ತೆಗೆಯೋದು ಅವನ್ನೇ. ವಿಕ್ಟರ್ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಅನ್ನೋರು 1951ರಲ್ಲಿ ಕೋಳಿ ಭ್ರೂಣದ ಬೆಳವಣಿಗೆಯನ್ನ 46 ಹಂತ ಮಾಡಿ ಪಟ್ಟಿ ಕೊಟ್ಟಿದ್ದಾರೆ, ಇವತ್ತಿಗೂ ಲ್ಯಾಬಿನ ಗೋಡೆ ಮೇಲೆ ಅದೇ ಇರೋದು. ನಿಮ್ಮ ಚಿತ್ರವನ್ನ ಅದರ ಜೊತೆ ಹೋಲಿಸಿ ನೋಡಿ, ಎಷ್ಟು ಅಂದಾಜಿಗೆ ಬರ್ದಿದ್ದೀರಿ ಅಂತ ನಿಮಗೇ ನಗು ಬರುತ್ತೆ. ಮೊಟ್ಟೆ ಒಡೆದು ನೋಡೋಕೆ ಮಾತ್ರ ಹೋಗ್ಬೇಡಿ, ಅದು ಲ್ಯಾಬಿಗೆ ಹೋದ ಮೇಲೆ ಕಲಿಸೋರ ಜೊತೆ ಮಾಡೋ ಕೆಲ್ಸ, ಮತ್ತೆ ಅಜ್ಜಿ ಕೈಯಲ್ಲಿ ಬೈಸ್ಕೊಳ್ಳೋದು ಬೇರೆ.

ಎರಡನೇದು ಅಳತೆ. ಹೊಸಬ್ರಿಗೆ ಲ್ಯಾಬಲ್ಲಿ ಮೊದಲ ಮೂರು ತಿಂಗಳು ಕೊಡೋ ಕೆಲ್ಸ ಏನು ಗೊತ್ತಾ, ಯಾರೋ ತೆಗೆದಿಟ್ಟ ಸಾವಿರಾರು ಫೋಟೋದಲ್ಲಿ ಆಕ್ಸಾನ್ ಉದ್ದ ಅಳೆಯೋದು. ಅದಕ್ಕೆ ಬಳಸೋದು ಫಿಜಿ ಅನ್ನೋ ಸಾಫ್ಟ್‌ವೇರು, ಅಮೆರಿಕದ ಎನ್‌ಐಎಚ್ ಅನ್ನೋ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಇಮೇಜ್‌ಜೆ ಅನ್ನೋದರದ್ದೇ ದೊಡ್ಡ ರೂಪ, ಪೂರ್ತಿ ಫ್ರೀ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಮಳೆಗಾಲದಲ್ಲಿ ಸೀಮೆಬದನೆ ಬಳ್ಳಿ ಹುಚ್ಚು ಹಿಡಿದ ಹಾಗೆ ಬೆಳೆಯುತ್ತಲ್ಲ, ಅದರ ಒಂದು ಕುಡಿ ಪಕ್ಕ ಶಾಲೆ ಸ್ಕೇಲ್ ಕಟ್ಟಿ. ದಿನಾ ಒಂದೇ ಹೊತ್ತಿಗೆ, ಒಂದೇ ದೂರದಿಂದ, ಫೋನನ್ನ ಸ್ಟೂಲ್ ಮೇಲೆ ನಿಲ್ಲಿಸಿ ಫೋಟೋ ತೆಗೀರಿ, ಹತ್ತು ದಿನ. ಆಮೇಲೆ ಫಿಜಿಯಲ್ಲಿ ಫೋಟೋ ತೆರೆದು ಸ್ಕೇಲಿನ 10 ಸೆಂಟಿಮೀಟರ್ ಮೇಲೆ ನೇರ ಗೆರೆ ಎಳೀರಿ, ಅನಲೈಸ್ ಮೆನುವಲ್ಲಿ ಸೆಟ್ ಸ್ಕೇಲ್ ಒತ್ತಿ ಇದು ಹತ್ತು ಸೆಂಟಿಮೀಟರ್ ಅಂತ ಹೇಳಿ. ಈಗ ಸೆಗ್ಮೆಂಟೆಡ್ ಲೈನ್ ತಗೊಂಡು ಬಳ್ಳಿಯ ಬಾಗು ಬಳುಕಿನ ಮೇಲೆ ಚುಕ್ಕೆ ಇಡ್ತಾ ಹೋಗಿ ಮೆಷರ್ ಕೊಡಿ, ಉದ್ದ ಬರುತ್ತೆ. ಬಳ್ಳಿ ಕ್ಯಾಮೆರಾ ಕಡೆಗೆ ಬಾಗಿದ್ರೆ ಉದ್ದ ಕಮ್ಮಿ ತೋರಿಸುತ್ತೆ, ಇದೇ ತೊಂದ್ರೆ ಮೈಕ್ರೋಸ್ಕೋಪಲ್ಲೂ ಬರುತ್ತೆ, ಯಾಕೆ ಅಂತ ನೀವೇ ಯೋಚ್ನೆ ಮಾಡಿ.

ಇಲ್ಲಿಗೆ ನಿಲ್ಲಿಸ್ಬೇಡಿ, ಮುಖ್ಯವಾದದ್ದು ಈಗ ಬರೋದು. ತಂಗಿಗೋ ತಮ್ಮನಿಗೋ ಹೇಳಿ ಆ ಹತ್ತು ಫೋಟೋದ ಹೆಸರು ಬದಲಾಯಿಸಿ ಕಲಸಿಬಿಡೋಕೆ ಹೇಳಿ, ಯಾವುದು ಯಾವ ದಿನದ್ದು ಅಂತ ಗೊತ್ತಿಲ್ಲದೆ ಇನ್ನೊಂದ್ಸಲ ಅಳೀರಿ. ಎರಡು ಸಲದ ಅಳತೆ ಒಂದೇ ಬರಲ್ಲ. ಎಷ್ಟು ವ್ಯತ್ಯಾಸ ಬಂತು ಅಂತ ಬರ್ದಿಡಿ, ಆ ವ್ಯತ್ಯಾಸಕ್ಕಿಂತ ಕಮ್ಮಿ ಬೆಳವಣಿಗೆಯನ್ನ ನೀವು ನೋಡಿದೆ ಅಂತ ಹೇಳೋ ಹಾಗಿಲ್ಲ. ಲ್ಯಾಬಲ್ಲೂ ಅಷ್ಟೇ, ಕೋಶ ಬೆಳೆಸೋ ಯಾವ ತಟ್ಟೆಗೆ ಔಷಧಿ ಹಾಕಿದ್ದು ಯಾವುದಕ್ಕೆ ಹಾಕಿಲ್ಲ ಅಂತ ಗೊತ್ತಿದ್ದು ಅಳೆದ್ರೆ ಕೈ ತಾನಾಗೇ ನಮಗೆ ಬೇಕಾದ ಕಡೆ ಎಳೆಯುತ್ತೆ, ನನಗೇ ಆಗಿದೆ, ಒಂದು ತಿಂಗಳ ಅಳತೆ ಪೂರ್ತಿ ಮತ್ತೆ ಮಾಡಿದ್ದೀನಿ. ಬಿಎಸ್ಸಿ ಹುಡುಗಿ ಒಬ್ಳು ನಾನು ಸೀಮೆಬದನೆ ಬಳ್ಳಿಯನ್ನ ಹೆಸರು ಮುಚ್ಚಿಸಿ ಎರಡು ಸಲ ಅಳೆದಿದ್ದೀನಿ, ಇಷ್ಟು ತಪ್ಪು ಬಂತು ಅಂತ ಮೇಲಲ್ಲಿ ಬರೆದ್ರೆ ಯಾವ ಪಿಐ ಆದ್ರೂ ಒಂದು ನಿಮಿಷ ನಿಂತು ಓದ್ತಾರೆ, ಮಾರ್ಕ್ಸ್ ಕಾರ್ಡಿಗಿಂತ ಅದು ಜಾಸ್ತಿ ಮಾತಾಡುತ್ತೆ.

ಇಂಟರ್‌ವ್ಯೂಗೆ ಅಂತ ಕಥೆ ನಾಲ್ಕು ಗೊತ್ತಿರ್ಲಿ. ಗ್ರೋತ್ ಕೋನನ್ನ 1890ರಲ್ಲಿ ಮೊದ್ಲು ಗುರುತಿಸಿದ್ದು ಸ್ಪೇನಿನ ರಾಮೋನ್ ಇ ಕಹಾಲ್, ಅದೂ ಕೋಳಿ ಭ್ರೂಣದ ಬೆನ್ನುಹುರಿಯಲ್ಲಿ, ಬಣ್ಣ ಹಾಕಿದ ಸತ್ತ ಕೋಶ ನೋಡಿಯೇ ಇದು ಬದುಕಿರುವಾಗ ದಾರಿ ನೂಕ್ಕೊಂಡು ಹೋಗ್ತಿತ್ತು ಅಂತ ಹೇಳ್ಬಿಟ್ರು. ಅದನ್ನ ಜೀವಂತ ನೋಡೋಕೆ 1907 ಬೇಕಾಯ್ತು, ರಾಸ್ ಹ್ಯಾರಿಸನ್ ಅನ್ನೋರು ಕಪ್ಪೆ ಭ್ರೂಣದ ನರದ ಚೂರನ್ನ ಲಿಂಫ್ ಅನ್ನೋ ದೇಹದ ದ್ರವದ ಒಂದು ಹನಿಯಲ್ಲಿ ಇಟ್ಟು ಗಾಜಿಗೆ ನೇತು ಹಾಕಿ ತಂತು ಬೆಳೆಯೋದನ್ನ ಕಣ್ಣಾರೆ ನೋಡಿದ್ರು. ದೇಹದ ಹೊರಗೆ ಅಂಗಾಂಶ ಬೆಳೆಸೋ ಪದ್ಧತಿ ಶುರುವಾಗಿದ್ದೇ ಅಲ್ಲಿಂದ.

ನನಗೆ ತುಂಬ ಇಷ್ಟ ರೀಟಾ ಲೆವಿ-ಮೊಂಟಾಲ್ಚಿನಿ. ಇಟಲಿಯ ತೊರಿನೊ ಊರಿನೋರು, ಯಹೂದಿಗಳು ಯೂನಿವರ್ಸಿಟಿಯಲ್ಲಿ ಇರಬಾರ್ದು ಅಂತ 1938ರಲ್ಲಿ ಕಾನೂನು ಬಂದಾಗ ಕೆಲ್ಸ ಹೋಯ್ತು, ಮಲಗೋ ರೂಮಲ್ಲೇ ಲ್ಯಾಬ್ ಮಾಡ್ಕೊಂಡ್ರು, ಹೊಲಿಗೆ ಸೂಜಿಯನ್ನ ಮಸೆದು ಚಾಕು ಮಾಡ್ಕೊಂಡ್ರು, ಯುದ್ಧದ ನಡುವೆ ರೈತರ ಮನೆ ಮನೆಗೆ ಹೋಗಿ ಮೊಟ್ಟೆ ತಂದ್ರು. ಆಮೇಲೆ ಅವರನ್ನ ಅಮೆರಿಕಕ್ಕೆ ಕರೆಸ್ಕೊಂಡಿದ್ದು ಮೇಲೆ ಹೇಳಿದ ಅದೇ ಹ್ಯಾಂಬರ್ಗರ್. ಅಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ಸೇರಿ ನರ ಬೆಳೆಸೋ ಪ್ರೋಟೀನ್ ಕಂಡುಹಿಡಿದ್ರು, ಎನ್‌ಜಿಎಫ್ ಅಂತ, 1986ರಲ್ಲಿ ಇಬ್ಬರಿಗೂ ನೊಬೆಲ್. ಎಂಟನೇ ದಿನದ ಕೋಳಿ ಭ್ರೂಣದ ನರಗಂಟಿಗೆ ಎನ್‌ಜಿಎಫ್ ಹಾಕಿ ಒಂದು ದಿನ ಬಿಟ್ರೆ ಸೂರ್ಯನ ಕಿರಣದ ಹಾಗೆ ಸುತ್ತ ತಂತು ಬಿಡುತ್ತೆ, ಹಾಕದೇ ಇದ್ದದ್ದು ಬೋಳಾಗಿ ಕೂತಿರುತ್ತೆ. ಈ ಪ್ರಯೋಗ ಇವತ್ತಿಗೂ ಹೊಸಬ್ರ ಕೈಯಲ್ಲಿ ಮಾಡಿಸ್ತಾರೆ, ನಿಮಗೂ ಸಿಗಬಹುದು. ಇನ್ನೊಂದು ಹೆಸರು ನೆಟ್ರಿನ್, 1994ರಲ್ಲಿ ಕೋಳಿ ಭ್ರೂಣದ ಮೆದುಳಿಂದಲೇ ಬೇರ್ಪಡಿಸಿದ ಪ್ರೋಟೀನ್, ಆಕ್ಸಾನಿಗೆ ದಾರಿ ತೋರಿಸೋದು. ಹೆಸರಿಟ್ಟಿದ್ದು ಸಂಸ್ಕೃತದ ನೇತೃ ಅನ್ನೋ ಮಾತಿಂದ, ನಡೆಸ್ಕೊಂಡು ಹೋಗೋನು ಅಂತ. ಇಂಗ್ಲಿಷ್ ಪೇಪರ್ ನೋಡಿ ಹೆದರೋ ಕನ್ನಡ ಮೀಡಿಯಂ ಮಕ್ಕಳಿಗೆ ಇದನ್ನ ನಾನು ಹೇಳೇ ಹೇಳ್ತೀನಿ.

ಆಕ್ಸಾನ್ ಯಾವುದು ಅಂತ ಕೋಶ ಹೇಗೆ ತೀರ್ಮಾನ ಮಾಡುತ್ತೆ ಅಂತಾನೂ ಕೇಳ್ತಾರೆ. ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗದ ಕೋಶ ತಟ್ಟೆಗೆ ಹಾಕಿದ್ರೆ ಮೊದಲ ದಿನ ನಾಲ್ಕೈದು ಗಿಡ್ಡ ತಂತು, ಎಲ್ಲಾ ಒಂದೇ ಅಳತೆ, ಆಮೇಲೆ ಒಂದು ಮಾತ್ರ ಸರಸರ ಓಡುತ್ತೆ, ಅದೇ ಆಕ್ಸಾನ್ ಆಗೋದು. ಆ ಓಡಿದ್ದನ್ನ ಬುಡದ ಹತ್ರ ಕತ್ತರಿಸಿದ್ರೆ ಉಳಿದವುಗಳಲ್ಲಿ ಇನ್ನೊಂದು ಎದ್ದು ಆಕ್ಸಾನ್ ಆಗಬಹುದು. ಕಾಫಿ ಗಿಡದ ತುದಿ ಮುರಿದಾಗ ಪಕ್ಕದಿಂದ ಕಂಬ ಚಿಗುರು ಎದ್ದು ನಿಲ್ಲೋದನ್ನ ಹುಟ್ಟಿದಾಗಿಂದ ನೋಡಿದೋರಿಗೆ ಇದನ್ನ ನೆನಪಿಟ್ಕೊಳ್ಳೋದು ಕಷ್ಟ ಅಲ್ಲ. ಕಾರಣ ಎರಡಕ್ಕೂ ಬೇರೆ ಬೇರೆ, ಇಂಟರ್‌ವ್ಯೂಲಿ ಕಾಫಿ ಗಿಡ ತರೋದಾದ್ರೆ ಅದನ್ನೂ ಹೇಳಿ, ಇಲ್ಲಾಂದ್ರೆ ಸಿಕ್ಕಿ ಹಾಕ್ಕೋತೀರ.

ಮೇಲ್ ವಿಷಯಕ್ಕೆ ಜಾಸ್ತಿ ಹೇಳೋದಿಲ್ಲ. ಇಂಗ್ಲಿಷಲ್ಲಿ ಬರೀರಿ, ಹತ್ತು ಹನ್ನೆರಡು ಸಾಲು, ಯಾವ ತಿಂಗಳಿಂದ ಯಾವ ತಿಂಗಳಿಗೆ ಬರಬಹುದು ಅಂತ ಮೊದಲ ಪ್ಯಾರಾದಲ್ಲೇ ಇರ್ಲಿ. ಅವ್ರ ಒಂದು ಪೇಪರಿನ ಒಂದು ಚಿತ್ರ ಆರಿಸ್ಕೊಂಡು ಅದರಲ್ಲಿ ನಿಮಗೆ ಅರ್ಥ ಆಗದ ಒಂದು ವಿಷಯ ಕೇಳಿ, ನಿಜವಾಗ್ಲೂ ಅರ್ಥ ಆಗದೇ ಇರೋದು. ನಿಮ್ಮ ಅದ್ಭುತ ಸಂಶೋಧನೆಯಿಂದ ಸ್ಫೂರ್ತಿ ಪಡೆದಿದ್ದೇನೆ ಅನ್ನೋ ಥರದ ಸಾಲು ದಿನಕ್ಕೆ ಇಪ್ಪತ್ತು ಬರುತ್ತೆ ಅವ್ರಿಗೆ. ಒಂದೇ ಮೇಲನ್ನ ಐವತ್ತು ಜನಕ್ಕೆ ಕಳಿಸಿದ್ರೆ ಗೊತ್ತಾಗ್ಬಿಡುತ್ತೆ, ಎಷ್ಟೋ ಸಲ ಹೆಸರು ಬದಲಾಯಿಸೋಕೇ ಮರ್ತಿರ್ತಾರೆ. ಹತ್ತು ದಿನ ಕಾದು ಒಂದೇ ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಮತ್ತೆ ಜೂನ್ ಜುಲೈಯಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬ್ಕೊಂಡು ಕೊನೇ ದಿನದ ತನಕ ಯಾವ ಅರ್ಜಿನೂ ಇಟ್ಕೋಬೇಡಿ, ಇದು ಅನುಭವದ ಮಾತು.

ದಾರಿಗಳು ಯಾವ್ಯಾವು ಅಂದ್ರೆ, ಡಿಗ್ರಿಯಲ್ಲಿ ಇರುವಾಗ್ಲೇ ಹೋಗೋಕೆ ಒಳ್ಳೇದು ದೇಶದ ಮೂರು ಸೈನ್ಸ್ ಅಕಾಡೆಮಿಗಳು ಸೇರಿ ಕೊಡೋ ಸಮ್ಮರ್ ರಿಸರ್ಚ್ ಫೆಲೋಶಿಪ್, ಎರಡು ತಿಂಗಳು, ದುಡ್ಡೂ ಕೊಡ್ತಾರೆ. ಲೆಕ್ಚರರ್‌ಗಳೂ ಅರ್ಜಿ ಹಾಕಬಹುದು, ನಿಮ್ಮ ಮೇಡಮ್ಮಿಗೂ ಹೇಳಿ. ಅರ್ಜಿ ಕರೆಯೋದು ಹಿಂದಿನ ವರ್ಷದ ಕೊನೆ ಹೊತ್ತಿಗೆ, ಅಂದ್ರೆ ಸರಿಯಾಗಿ ಹುತ್ತರಿ, ಅರೇಬಿಕಾ ಕೊಯ್ಲು ಎಲ್ಲಾ ಒಟ್ಟಿಗೆ ಬಂದು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದ ಟೈಮು, ಅದಕ್ಕೇ ನಮ್ಮೂರ ಮಕ್ಕಳು ತಪ್ಪಿಸ್ಕೊಳ್ಳೋದು. ಎಂಎಸ್ಸಿ ಆದ ಮೇಲೆ ಸಿಎಸ್‌ಐಆರ್ ನೆಟ್, ಗೇಟ್, ಟಿಐಎಫ್‌ಆರ್ ಸಂಸ್ಥೆಯ ಜೀಬಿಲ್ಸ್ ಅನ್ನೋ ಪ್ರವೇಶ ಪರೀಕ್ಷೆಗಳು. ನೆಟ್ಟಲ್ಲಿ ಜೆಆರ್‌ಎಫ್ ಬಂದ್ರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಯಲ್ಲಿ ಕೇಳಿದ್ರೆ ಈ ಸಂಖ್ಯೆ ಮೊದ್ಲು ಹೇಳಿ. ಬೆಂಗಳೂರಲ್ಲಿ ಎನ್‌ಸಿಬಿಎಸ್, ಐಐಎಸ್ಸಿ, ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ನಿಮ್ಹಾನ್ಸ್ ನಾಲ್ಕು ಸಂಶೋಧನಾ ಸಂಸ್ಥೆಗಳಲ್ಲೂ ನರವಿಜ್ಞಾನದ ಕೆಲ್ಸ ಇದೆ, ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರೇ ಹಣ್ಣಿನ ನೊಣದ ವಾಸನೆ ನರಗಳ ಮೇಲೆ ಕೆಲ್ಸ ಮಾಡಿದೋರು. ದೂರ ಹೋಗೋಕೆ ಆಗಲ್ಲ ಅನ್ನೋರು ಎಂಎಸ್ಸಿ ತನಕ ಇಲ್ಲೇ ಓದಬಹುದು, ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿವಿಯ ಕ್ಯಾಂಪಸ್ಸೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಗಿದ್ದು.

ಸೇರಿದ ಮೇಲೆ ಮೊದಲ ವಾರ ಏನು ಮಾಡ್ಬೇಕು ಅಂತ ನನ್ನದೇ ತಪ್ಪಿಂದ ಹೇಳ್ತೀನಿ. ಕೋಶ ಬೆಳೆಸೋದು ಕವರ್‌ಸ್ಲಿಪ್ ಅನ್ನೋ ತೆಳು ಗಾಜಿನ ಮೇಲೆ. ಅದನ್ನ ಆಸಿಡ್ಡಲ್ಲಿ ರಾತ್ರಿಯಿಡೀ ಇಟ್ಟು, ಡಿಸ್ಟಿಲ್ಡ್ ವಾಟರಲ್ಲಿ ಮತ್ತೆ ಮತ್ತೆ ತೊಳೆದು, ಒಣಗಿಸಿ, ಸ್ಟೆರಿಲೈಸ್ ಮಾಡಿ, ಪಾಲಿಲೈಸಿನ್ ಹಚ್ಚಿ, ಅದನ್ನೂ ತೊಳೆದು, ಮೇಲೆ ಲ್ಯಾಮಿನಿನ್ ಹಾಕಿ (ಎರಡೂ ಕೋಶ ಗಾಜಿಗೆ ಅಂಟ್ಕೊಳ್ಳೋಕೆ), ಆಮೇಲೆ ಕೋಶ. 37 ಡಿಗ್ರಿ, 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇರೋ ಇನ್‌ಕ್ಯುಬೇಟರ್. ಸೇರಿದ ಮೂರನೇ ವಾರ ಗಾಜು ತೊಳೆಯೋ ಅಣ್ಣ ಇವು ಆಗಿದ್ಯಾ ಅಂತ ಕೇಳಿದ್ರು, ಬಸ್ಸಿಗೆ ಲೇಟಾಗ್ತಿತ್ತು, ಆಗಿದೆ ಅಂದೆ. ಎರಡೇ ಸಲ ತೊಳೆದಿದ್ದೆ. ಸೀನಿಯರ್ ಒಬ್ಬಳು ನಾಲ್ಕು ದಿನ ತಯಾರಿ ಮಾಡಿ, ಮೊಟ್ಟೆ ಒಡೆದು, ನರಗಂಟು ಬಿಡಿಸಿ ಹಾಕಿದ್ಳು, ಮಾರನೇ ದಿನ ನೋಡಿದ್ರೆ ಎಲ್ಲಾ ಕೋಶ ಸಾಸಿವೆ ಕಾಳಿನ ಥರ ಉಂಡೆಯಾಗಿ ತೇಲ್ತಾ ಇವೆ, ಒಂದಕ್ಕೂ ತಂತು ಇಲ್ಲ. ಅವಳು ಮೀಡಿಯಂ, ಅಂದ್ರೆ ಕೋಶಕ್ಕೆ ಆಹಾರ ಕೊಡೋ ದ್ರವ, ಕೆಟ್ಟಿದೆ ಅಂದ್ಕೊಂಡು ಹೊಸದು ಮಾಡೋಕೆ ಹೊರಟಾಗ ನನಗೆ ತಡ್ಕೊಳ್ಳೋಕಾಗ್ದೆ ಹೇಳ್ಬಿಟ್ಟೆ. ಬೈದ್ಳು, ಚೆನ್ನಾಗೇ ಬೈದ್ಳು. ಆದ್ರೆ ಹೇಳಿದ್ದಕ್ಕೆ ಇನ್ನೊಂದು ವಾರ ಸುಮ್ನೆ ಹಾಳಾಗೋದು ತಪ್ಪಿತು. ಅವತ್ತು ಸಂಜೆ ಆ ಅಣ್ಣ ನನ್ನನ್ನ ಸಿಂಕ್ ಹತ್ರ ನಿಲ್ಲಿಸ್ಕೊಂಡು, ಗಾಜನ್ನ ಒಂದೊಂದಾಗಿ ಬಿಡಿಸಿ ತೊಳೀಬೇಕು, ಒಂದಕ್ಕೊಂದು ಅಂಟ್ಕೊಂಡ್ರೆ ಮಧ್ಯದಲ್ಲಿ ಆಸಿಡ್ ಉಳ್ಕೊಳ್ಳುತ್ತೆ ಅಂತ ತೋರಿಸಿದ್ರು. ಆ ಮಾತು ಲ್ಯಾಬಿನ ಪ್ರೋಟೋಕಾಲ್ ಪುಸ್ತಕದಲ್ಲಿ ಇರ್ಲಿಲ್ಲ, ಈಗ ಇದೆ, ನಾನೇ ಬರ್ದಿದ್ದು.

ಹಂಗಾಗಿ ಮೊದಲ ವಾರ ಪಿಐ ಹಿಂದೆ ಓಡಾಡೋದು ಬಿಟ್ಟು ಒಂದು ದಿನ ಆಟೋಕ್ಲೇವ್ ಹತ್ರ, ಒಂದು ದಿನ ಲ್ಯಾಬ್ ಮ್ಯಾನೇಜರ್ ಹತ್ರ, ಒಂದು ದಿನ ಮೈಕ್ರೋಸ್ಕೋಪ್ ರೂಮಲ್ಲಿ ಕೂರಿ. ಬೆಂಗಳೂರಿನ ಲ್ಯಾಬುಗಳಲ್ಲಿ ಪಿಎಚ್‌ಡಿ ಹುಡುಗ್ರು ದೇಶದ ಎಲ್ಲಾ ಕಡೆಯೋರು, ಅವ್ರ ಜೊತೆ ಇಂಗ್ಲಿಷೋ ಹಿಂದಿಯೋ ಆಗ್ಬೇಕು, ಆದ್ರೆ ಈ ಮೂರು ಜಾಗದಲ್ಲಿ ಬಹುತೇಕ ಕನ್ನಡ ನಡೆಯುತ್ತೆ, ನಿಮಗೆ ಅದೊಂದು ದೊಡ್ಡ ಅನುಕೂಲ. ಇನ್‌ಕ್ಯುಬೇಟರ್ ಬಾಗಿಲು ಸುಮ್ಸುಮ್ನೆ ತೆಗೀಬೇಡಿ, ಬೆಳೀತಾ ಅಂತ ಗಂಟೆಗೊಮ್ಮೆ ನೋಡೋಕೆ ಆಸೆ ಆಗುತ್ತೆ, ತೆಗೆದಷ್ಟೂ ಶಾಖ ಮತ್ತೆ ಗ್ಯಾಸ್ ಎರಡೂ ಏರುಪೇರು. ಕಾವಿಗೆ ಕೂತ ಕೋಳಿಯನ್ನ ಎಷ್ಟು ಸಲ ಎಬ್ಬಿಸ್ತೀರ, ಅಷ್ಟೇ. ಮೊಟ್ಟೆ ಬರೋ ದಿನ, ಅದನ್ನ ಒಡೆಯೋ ದಿನ ಕ್ಯಾಲೆಂಡರಲ್ಲಿ ಮೊದ್ಲು ಗುರುತು ಹಾಕಿ, ಭ್ರೂಣ ಭಾನುವಾರ ಅಂತ ಕಾಯಲ್ಲ, ಕೈಲ್‌ಪೊದ್ ಹಬ್ಬಕ್ಕೆ ಊರಿಗೆ ಬರ್ಬೇಕು ಅಂದ್ರೆ ಎಂಟು ದಿನ ಹಿಂದಕ್ಕೆ ಲೆಕ್ಕ ಹಾಕಿ ಮೊಟ್ಟೆ ಇಡ್ಬೇಕು. ಇಲಿ ಕೆಲ್ಸ ಆದ್ರೆ ಪ್ರಾಣಿಗಳ ನೀತಿ ಸಮಿತಿಯ ಅನುಮತಿಯಲ್ಲಿ ನಿಮ್ಮ ಹೆಸರು ಸೇರೋ ತನಕ ಮುಟ್ಟೋ ಹಾಗಿಲ್ಲ, ಅಲ್ಲಿ ತನಕ ನೋಡಿ ಕಲೀರಿ.

ಆಮೇಲೆ ಊರಿಂದ ಹೊರಡುವಾಗ ಅಮ್ಮ ಕಾಫಿ ಪುಡಿ ಕಟ್ಟಿ ಕೊಟ್ಟೇ ಕೊಡ್ತಾರೆ, ತಗೊಂಡು ಹೋಗಿ, ಆದ್ರೆ ಲ್ಯಾಬಿನ ಬಾಗಿಲ ಒಳಗೆ ತಿನ್ನೋದು ಕುಡಿಯೋದು ಏನೂ ತರೋ ಹಾಗಿಲ್ಲ, ಬ್ಯಾಗಲ್ಲಿ ಇಟ್ಕೊಂಡು ಒಳಗೆ ಹೋದ್ರೂ ಬೈತಾರೆ. ಹೊರಗೆ ಪ್ಯಾಂಟ್ರಿಯಲ್ಲಿ ಶೆಲ್ಫ್ ಇರುತ್ತೆ, ಡಬ್ಬಿಗೆ ಹಾಕಿ ಹೆಸರು, ತಾರೀಕು ಬರೆದು ಇಡಿ. ಅರ್ಧ ಕೇಜಿ ಸಾಲಲ್ಲ, ನನ್ನದು ಬುಧವಾರದ ಹೊತ್ತಿಗೆ ಖಾಲಿಯಾಗಿತ್ತು.